ಗಾಣದವರ ಮನೆಯ ಮೂಲವ್ಯಾಧಿ

ಬೆಳಿಗ್ಗೆ ನಮ್ಮ ಆಸ್ಪತ್ರೆಯ ಪಡಸಾಲೆ ತುಂಬಿಹೋಗುತ್ತಿತ್ತು. ಅಷ್ಟು ಜನರನ್ನು ನೋಡಿ ಕಳಿಸಲು ನನಗಿದ್ದದ್ದು ಒಂದು ಮೇಜು, ಒಂದು ಕುರ್ಚಿ, ಒಬ್ಬ ಕಂಪೌಂಡರ್. ನಾಲಿಗೆ ತೋರಿಸು, ಕೈ ಕೊಡು, ಏನು ತ್ರಾಸು, ಎಷ್ಟು ದಿನವಾಯಿತು ಎಂದು ಕೇಳಿದರೆ ನನ್ನ ವೈದ್ಯ ಮುಗಿಯಿತು. ರೋಗಿಯೇ ತನ್ನ ರೋಗದ ಹೆಸರು ಹೇಳಿಬಿಟ್ಟರೆ ಇನ್ನೂ ಸಸಾರ, ಅದನ್ನೇ ಚೀಟಿಯಲ್ಲಿ ಬರೆದರಾಯಿತು. ಕಂಪೌಂಡರ್ ದೊಡ್ಡ ಸೀಸೆಯಿಂದ ಸಣ್ಣ ಸೀಸೆಗೆ ಬಗ್ಗಿಸಿ ಕೊಡುತ್ತಿದ್ದ. ಮದರಾಸಿನಲ್ಲಿ ನನಗೆ ಕಲಿಸಿದ್ದು ಹೀಗಲ್ಲ. ಆದರೆ ಬಳ್ಳಾರಿಯ ಬಿಸಿಲಿನಲ್ಲಿ ಮದರಾಸಿನ ಪಾಠ ಬೇಗ ಒಣಗುತ್ತದೆ.

ಕುರುಗೋಡಿನ ಗಾಣದವನು ಬಂದದ್ದು ಅಂಥ ಒಂದು ಬೆಳಿಗ್ಗೆ. ನಲವತ್ತು ತುಂಬಿರಲಿಕ್ಕಿಲ್ಲ. ಗಟ್ಟಿಮುಟ್ಟಾದ ಆಳು, ಮೈಯೆಲ್ಲ ಕುಸುಬೆ ಎಣ್ಣೆಯ ವಾಸನೆ. "ಮೂಲವ್ಯಾಧಿ ಆಗೇತ್ರಿ ಆಚಾರ್ರ, ರಕ್ತ ಹೊಂಟೈತಿ" ಎಂದ. ನಾನು ಮೂಲವ್ಯಾಧಿ ಎಂದು ಬರೆದೆ. ಮಾಚಿಕಾಯಿ ಮುಲಾಮು ಕೊಡಿಸಿದೆ. ಮತ್ತೆ ಬಂದ, ಮತ್ತೆ ಅದೇ ಮುಲಾಮು. ಮೂರನೆಯ ಸಲ ಬಂದಾಗ ಸೊರಗಿದ್ದ. "ಬಹಿರ್ದೆಸೆಗೆ ಕೂತ್ರ ದಾರದಂಗ ಬರತೈತ್ರಿ" ಅಂದ. ಆಗಲಾದರೂ ಬೆರಳು ಹಾಕಿ ನೋಡಬೇಕಿತ್ತು. ಗುದದ ತ್ರಾಸು ಎಂದವನಿಗೆ ಬೆರಳಿನಿಂದ ನೋಡದೆ ಔಷಧ ಕೊಡುವವನು ಕಣ್ಣುಮುಚ್ಚಿ ಬಾಣ ಬಿಡುವವನು ಎಂದು ನಮ್ಮ ಮೇಷ್ಟ್ರು ತಲೆ ಚಚ್ಚಿಕೊಂಡು ಹೇಳಿದ್ದರು.

ನಾನು ನೋಡಲಿಲ್ಲ. ಯಾಕೆ ಎಂದರೆ, ನಾನು ಮಡಿವಂತರ ಮನೆಯವನು. ಹುಣ್ಣು ತೊಳೆದಿದ್ದೇನೆ, ಕೀವು ತೆಗೆದಿದ್ದೇನೆ, ಅದಕ್ಕೆಲ್ಲ ಮನಸ್ಸು ಒಗ್ಗಿತ್ತು. ಇದೊಂದಕ್ಕೆ ಮಾತ್ರ ಒಗ್ಗಿರಲಿಲ್ಲ. ಮನೆಗೆ ಹೋಗಿ ತಲೆಯ ಮೇಲೆ ನೀರು ಹೊಯ್ದುಕೊಂಡು, ಜನಿವಾರ ಬದಲಿಸಿ, ಅಷ್ಟಾದರೂ ಊಟ ಸೇರದೆ ಏಳಬೇಕು. ಮುಲಾಮಿನಲ್ಲಿ ಹೋಗುವ ರೋಗಕ್ಕೆ ಇಷ್ಟೆಲ್ಲ ಯಾಕೆ ಅಂದುಕೊಂಡೆ.

ನಾಲ್ಕನೆಯ ಸಲ ಅವನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಬಂದರು. ಹೊಟ್ಟೆ ಉಬ್ಬಿ ನಗಾರಿಯಾಗಿತ್ತು. ಮಲ ಕಟ್ಟಿದೆ ಎಂದು ನಾನು ಹರಳೆಣ್ಣೆ ಕುಡಿಸಿದೆ. ಜೀವಮಾನವೆಲ್ಲ ಊರಿಗೆ ಎಣ್ಣೆ ತೆಗೆದುಕೊಟ್ಟವನು ನನ್ನ ಕೈಯ ಎಣ್ಣೆ ಕುಡಿದು, ಹಾದಿಯಿಲ್ಲದ ಕರುಳು ನುಲಿದು, ಮೂರು ದಿನ ಒದ್ದಾಡಿ ಸತ್ತ. ಆಗಿದ್ದ ಸರ್ಜನ್ ದೊರೆ ಹೆಣವನ್ನು ನೋಡಿ ಇಂಗ್ಲಿಷಿನಲ್ಲಿ ಒಂದೇ ಮಾತು ಕೇಳಿದರು: "ಬೆರಳಿನಿಂದ ನೋಡಿದ್ದೆಯಾ?" ನಾನು "ನೋಡಿದ್ದೆ, ಮೂಲವ್ಯಾಧಿಯೇ ಇತ್ತು" ಅಂದೆ. ಅವರು ತಲೆಯಾಡಿಸಿ ಹೋದರು. ಗಾಣದವನ ಹೆಂಡತಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮೂರು ವರ್ಷವಾಗಿತ್ತು. ದೊರೆಗಳು ಬದಲಾಗಿದ್ದರು. ಒಂದು ಸೋಮವಾರ ಬೆಳಿಗ್ಗೆ ಗಾಣದವನ ಹೆಂಡತಿ ಮತ್ತೆ ಅದೇ ಪಡಸಾಲೆಯಲ್ಲಿ ನಿಂತಿದ್ದಳು. ಗಂಡ ಹೋದ ಮೇಲೆ ಗಾಣವನ್ನು ಅವಳೇ ನಡೆಸುತ್ತಿದ್ದಳು. ಹೊರಗೆ ಸವಾರಿ ಬಂಡಿಯಲ್ಲಿ ಅವಳ ನಾದಿನಿ, ಎಂದರೆ ಸತ್ತವನ ತಂಗಿ, ಮಲಗಿದ್ದಳು. ಆಕೆಯನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು. ಹೊಳೆದಂಡೆಯ ಭತ್ತದ ಗದ್ದೆಯವರು.

"ನಮ್ಮನಿಯವರಿಗೆ ಆದದ್ದ ಈಕಿಗೂ ಆಗೇತ್ರಿ," ಅಂದಳು. "ಮೊದಲ ರಕ್ತ, ಆಮ್ಯಾಲ ದಾರದಂಗ, ಈಗ ಹೊಟ್ಟಿ ಏರಾಕ ಹತ್ತೈತಿ. ಹೆಜ್ಜಿ ಹೆಜ್ಜಿಗೆ ಅದ ಹಾದಿ."

ನಾನು ಏನೋ ಹೇಳಲು ಬಾಯಿ ತೆರೆದೆ. ಆಕೆ ಬಿಡಲಿಲ್ಲ.

"ಈ ಸಲ ಕೈ ಹಚ್ಚಿ ನೋಡ್ರಿ ಆಚಾರ್ರ. ಅವರನ್ನ ನೀವು ಮುಟ್ಟಲಿಲ್ಲ. ಅವರು ನನಗ ಹೇಳ್ಯಾರ."

"ಅಷ್ಟು ಗೊತ್ತಿದ್ದೂ ನನ್ನ ಹತ್ರ ಯಾಕವ್ವ ಬಂದಿ? ದಂಡಿನ ಕಡೆ ಬ್ಯಾರೆ ಆಸ್ಪತ್ರಿ ಇದ್ದವಲ್ಲ?"

"ಗಾಣದಾಗ ಎತ್ತು ಒಮ್ಮಿ ಮುಗ್ಗರಿಸ್ತಂದ್ರ, ಮುಂದಿನ ಸುತ್ತಿಗೆ ಆ ಜಾಗ ಬಂದಾಗ ತಾನ ಕಾಲು ಎತ್ತಿ ಇಡತೈತ್ರಿ. ಹೊಸಾ ಎತ್ತಿಗೆ ಅದು ಗೊತ್ತಿರಂಗಿಲ್ಲ," ಅಂದಳು. ಬೈದದ್ದೋ ನಂಬಿದ್ದೋ ಆಗ ತಿಳಿಯಲಿಲ್ಲ. ಎರಡೂ ಇರಬೇಕು.

ಆದರೆ ಹೆಂಗಸಿನ ದೇಹ. ನಾನು ನೋಡುವುದಕ್ಕೆ ನಾದಿನಿ ಸುತರಾಂ ಒಪ್ಪಲಿಲ್ಲ. ನಮ್ಮಲ್ಲಿ ಹೆರಿಗೆ ಮಾಡಿಸುವ ದಾಯಿ ಒಬ್ಬಳಿದ್ದಳು, ಆದವಾನಿ ಕಡೆಯ ತೆಲುಗಿನವಳು. ಎಲ್ಲರೂ ದಾಯಮ್ಮ ಅನ್ನುತ್ತಿದ್ದರು. ಓದು ಬರಹ ಇಲ್ಲ. ಆದರೆ ಒಳಗಿರುವ ಮಗುವಿನ ತಲೆ ಯಾವ ಕಡೆ ತಿರುಗಿದೆ ಎಂದು ಬೆರಳ ತುದಿಯಿಂದ ಹೇಳುವವಳು. ಅವಳನ್ನು ಪರದೆಯ ಆಚೆ ಕಳಿಸಿ ಈಚೆ ಸ್ಟೂಲಿನ ಮೇಲೆ ನಾನು ಕೂತೆ. ಉಗುರು ಕತ್ತರಿಸಿ, ಕಾರ್ಬಾಲಿಕ್ ಎಣ್ಣೆ ಹಚ್ಚಿಕೊಂಡು, ಆಕೆಯನ್ನು ಎಡಮಗ್ಗುಲಾಗಿ ಮಲಗಿಸಿ ಮೊಣಕಾಲು ಮಡಚಲು ಹೇಳು ಎಂದೆ.

"ಬೆರಳು ಎಲ್ಲೀತನಕ ಹೋಯ್ತು?"

"ನಡುಬೆರಳಿನ ಎರಡು ಗೆಣ್ಣು ಸಲೀಸಾಗಿ ಹೋದ್ವು. ಆಮ್ಯಾಲ ತಟ್ಟತೈತಿ, ಸಾಮಿ."

"ಮೆತ್ತಗೈತೋ ಗಟ್ಟಿಯೋ?"

"ಗಟ್ಟಿ. ಹಸೀ ಬಾಳೀಕಾಯಿ ಹಂಗ. ಸುತ್ತಲೂ ಅಂಚು ಎದ್ದೈತಿ, ನಡುವ ಕುಳಿ. ಕುಳಿ ಒಳಗ ಕಿರುಬೆರಳ ತುದಿ ಸೈತ ಹೋಗವಲ್ದು."

"ಅಲ್ಲಾಡತೈತೇನು?"

"ಲೇದು ಸಾಮಿ. ಹಿಂದಿನ ಎಲುಬಿಗೆ ಹಿಡಕೊಂಡೈತಿ. ಇದು ಮೂಲವ್ಯಾಧಿ ಅಲ್ಲ. ಮೂಲವ್ಯಾಧಿ ನನಗ ಗೊತ್ತಿಲ್ಲೇನು? ಹಡೆದ ಹೆಂಗಸರಿಗೆ ಅದು ದಿನಾ ನೋಡತೀನಿ. ಅದು ದ್ರಾಕ್ಷಿ ಹಂಗ ಜಾರತೈತಿ."

ಇಷ್ಟು ಸ್ಪಷ್ಟವಾದ ವರದಿಯನ್ನು ನಾನು ಮದರಾಸಿನಲ್ಲಿ ಓದಿದವರಿಂದಲೂ ಕೇಳಿರಲಿಲ್ಲ. ಗುದನಾಳದ ಕ್ಯಾನ್ಸರ್. ಎಲುಬಿಗೆ ಅಂಟಿದೆ, ಕಿತ್ತು ತೆಗೆಯುವ ಮಾತಿಲ್ಲ. ದಾರಿ ಹೆಚ್ಚುಕಡಿಮೆ ಮುಚ್ಚಿದೆ.

ಹೊರಗೆ ಬಂದರೆ ಕಂಪೌಂಡರ್ ರೂಢಿಯಂತೆ ಹರಳೆಣ್ಣೆಯ ಬಟ್ಟಲು ಹಿಡಿದು ನಿಂತಿದ್ದ. ನಾನು ಅದನ್ನು ಕಸಿದು ಅಂಗಳಕ್ಕೆ ಚೆಲ್ಲಿದೆ. "ಏನ್ರಿ ಆಚಾರ್ರ, ಹೊಟ್ಟಿ ಉಬ್ಬಿದವರಿಗೆ ಇದ ಅಲ್ಲೇನ್ರಿ?" ಎಂದು ಅವನು ಕಣ್ಣು ಬಿಟ್ಟ. ಗಂಜಿಯ ತಿಳಿ, ನೋವಿಗೆ ಚೂರು ಅಫೀಮು, ಹೊಟ್ಟೆಯ ಮೇಲೆ ಬಿಸಿನೀರಿನ ಬಟ್ಟೆ, ಇಷ್ಟೇ ಎಂದು ಬರೆದುಕೊಟ್ಟೆ. ಅಂದು ಮಧ್ಯಾಹ್ನ ಹಳೆಯ ಚೀಟಿ ಪುಸ್ತಕಗಳನ್ನು ತೆಗೆದು ಕೂತೆ. ಮೂಲವ್ಯಾಧಿ ಎಂದು ನಾನೇ ಬರೆದು, ಕೆಲವು ತಿಂಗಳ ಮೇಲೆ ಹೊಟ್ಟೆ ಉಬ್ಬಿ ಬಂದು ಸತ್ತವರು ಅದರಲ್ಲಿ ಇನ್ನೂ ಇದ್ದರು. ಮೂಲವ್ಯಾಧಿಯಿಂದ ಯಾರು ಸಾಯುತ್ತಾರೆ? ಆ ಪ್ರಶ್ನೆ ಕೇಳಿಕೊಳ್ಳುವ ಬುದ್ಧಿ ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ಹೊಸ ಸರ್ಜನ್ ದೊರೆ ಕಲೆಕ್ಟರರ ಕ್ಯಾಂಪಿನ ಸಂಗಡ ಊರೂರು ತಿರುಗಲು ಹೋಗಿದ್ದರು. ಕುದುರೆಯವನ ಕೈಯಲ್ಲಿ ಚೀಟಿ ಕಳಿಸಿದೆ. ಮಂಗಳವಾರ ಮಧ್ಯಾಹ್ನಕ್ಕೆ ಉತ್ತರ ಬಂತು. ಗುರುವಾರ ಬೆಳಿಗ್ಗೆ ಬರುತ್ತೇನೆ, ಕರುಳಿಗೆ ಬೇರೆ ಬಾಗಿಲು ಮಾಡುವುದೊಂದೇ ಉಪಾಯ, ಆಕೆಯನ್ನು ಒಪ್ಪಿಸಿಡು.

ಒಪ್ಪಿಸುವುದು! ಹೇಳಿದಷ್ಟು ಸುಲಭವೇ? ಹೊಟ್ಟೆಯ ಪಕ್ಕದಲ್ಲಿ ಕೊಯ್ದು ಕರುಳನ್ನು ಹೊರಗೆ ತಂದು ಬಾಯಿ ಮಾಡುತ್ತೇವೆ, ಇನ್ನು ಮೇಲೆ ಮಲ ಆ ದಾರಿಯಿಂದಲೇ ಬರುತ್ತದೆ, ರೋಗ ಹೋಗುವುದಿಲ್ಲ, ಆದರೆ ಹೊಟ್ಟೆಯುಬ್ಬಿ ಸಾಯುವುದು ತಪ್ಪುತ್ತದೆ, ಒಂದೋ ಎರಡೋ ವರ್ಷ ಓಡಾಡಿಕೊಂಡು ಇರಬಹುದು ಎಂದು ಒಂದನ್ನೂ ಮುಚ್ಚದೆ ಹೇಳಿದೆ. ಆಕೆ ಕೊಯ್ಯುವ ಮಾತಿಗೆ ಹೆದರಲಿಲ್ಲ. ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇದು ಇಲ್ಲಿರತೈತಿ, ಅದು ಇಲ್ಲೇ ಕೆಳಗ ಬರತೈತಿ. ಗೇಣು ಅಂತರ ಇಲ್ಲ. ನನ್ನ ಲಿಂಗಕ್ಕ ಮೈಲಿಗಿ ಆಗಂಗಿಲ್ಲೇನ್ರಿ?"

ಮೇಲೆ ಬಟ್ಟೆ ಕಟ್ಟಿ ಮುಚ್ಚಿಡುತ್ತೇವೆ ಎಂದೆ.

"ಲಿಂಗ ಬಿಚ್ಚಿಟ್ಟು ಬದುಕೋದಾದ್ರ ಆ ಬದುಕು ನನಗ ಬ್ಯಾಡ. ಹಂಗ ಹೋಗತೀನಿ, ಅಣ್ಣ ಹೋದಂಗ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತಿಗೆ ಅತ್ತಳು, ಬೈದಳು, ಕಾಲು ಹಿಡಿದಳು. ಉಹ್ಞೂಂ.

ಸಿಟ್ಟು ಬಂದರೂ ನನಗೆ ಬಯ್ಯಲು ಬಾಯಿ ಎಲ್ಲಿತ್ತು? ಮೈಲಿಗೆಯ ಹೆಸರಿನಲ್ಲಿ ಈಕೆ ತನ್ನ ಪ್ರಾಣ ಬಿಡಲು ಹೊರಟಿದ್ದಳು. ಅದೇ ಹೆಸರಿನಲ್ಲಿ ನಾನು ಈಕೆಯ ಅಣ್ಣನ ಪ್ರಾಣ ಕಳೆದಿದ್ದೆ. ಪಡಸಾಲೆಯಲ್ಲಿ ನಾಲ್ಕು ಸಲ ಅತ್ತಿತ್ತ ಓಡಾಡಿ ಗಾಣದವನ ಹೆಂಡತಿಯನ್ನು ಕೇಳಿದೆ: "ಈಕಿ ಯಾರ ಮಾತು ಕೇಳತಾಳವ್ವ?"

"ಕುರುಗೋಡಿನ ನಮ್ಮ ಮಠದ ಅಯ್ಯನೋರು. ಈಕಿಗೆ ಲಿಂಗಾ ಕಟ್ಟಿದೋರು ಅವರ."

ಬುಧವಾರ ನಸುಕಿನಲ್ಲೇ ಜಟಕಾ ಹೂಡಿಸಿದೆ. ಬಿಸಿಲೇರುವ ಹೊತ್ತಿಗೆ ಕುರುಗೋಡಿನ ಬಂಡೆಗುಡ್ಡ ಕಂಡಿತು. ಅಯ್ಯನವರು ಮಠದ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ತುಂಬ ವಯಸ್ಸಾಗಿತ್ತು. ಆಸ್ಪತ್ರೆಯ ಆಚಾರ್ಯ ಎಂದು ತಿಳಿದು, ನನ್ನ ಕೆನ್ನೆಯ ಗೋಪಿಚಂದನದ ಮುದ್ರೆ ನೋಡಿ ನಕ್ಕರು.

"ಏನಪಾ, ಮುದ್ರಿ ಹಚ್ಚಿದೋರು ನಮ್ಮ ಮಠದ ಮೆಟ್ಟಲಾ ಏರಿದ್ರಿ? ಗುಡ್ಡ ಉರುಳೀತು ನೋಡ್ರಿ!"

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಎಲ್ಲವನ್ನೂ ಹೇಳಿದೆ. ಕೊಯ್ಯುವ ಜಾಗವನ್ನು ನನ್ನ ಹೊಟ್ಟೆಯ ಮೇಲೆಯೇ ತೋರಿಸಿದೆ. ಅವರು ಶೇಂಗಾ ಬದಿಗಿಟ್ಟು ಕೇಳಿದರು.

"ಆ ಹೊಲಸು ಈಗ ಎಲ್ಲೈತಿ?"

"ಹೊಟ್ಟಿಯೊಳಗ."

"ಲಿಂಗ ಎಲ್ಲೈತಿ?"

"ಎದೀ ಮ್ಯಾಲ."

"ಹಂಗಾರ ಇಷ್ಟು ದಿನಾ ಎರಡೂ ಒಂದ ಮೈಯಾಗ ಇದ್ದಾವಲ್ಲ, ಆಗ ಆಗದ ಮೈಲಿಗಿ ಈಗ ಎಲ್ಲಿಂದ ಬಂತು? ಹಿತ್ತಲ ಬಾಗಲಾ ಮುಚ್ಚಿ ಪಡಸಾಲಿಗೆ ಬಾಗಲಾ ಇಟ್ಟರ ಮನಿ ಬ್ಯಾರೇ ಆಗತೈತೇನು? ಲಿಂಗ ಕಟ್ಟಿದ ಮೈಗೆ ಸೂತಕ ಇಲ್ಲ ಅಂತ ಆಕಿಗೆ ಸಣ್ಣಾಕಿ ಇದ್ದಾಗ ನಾನ ಹೇಳೀನಿ. ಮರತಾಳ." ಒಳಗೆ ಹೋಗಿ ಹೊಸ ಶಿವದಾರವನ್ನು ತಂದು ನನ್ನ ಅಂಗೈಯಲ್ಲಿ ಇಟ್ಟರು. "ಕೊಯ್ಯೋ ಹೊತ್ತಿಗೆ ತೋಳಿಗೆ ಕಟ್ಟಿಕೊಳ್ಳಲಿ, ಮೈ ಬಿಟ್ಟು ಇಳಿಸಬ್ಯಾಡ್ರಿ. ಆಮ್ಯಾಲ ಕೊರಳಾಗ ನಾಕು ಬಟ್ಟು ಗಿಡ್ಡ ಮಾಡಿ ಕಟ್ಟಿಕೊಳ್ಳಲಿ. ಮುಗೀತು."

ಅವರ ಕಾಲಿಗೆ ನಮಸ್ಕರಿಸಿದೆ. ನಮ್ಮ ಮನೆಯಲ್ಲಿ ತಿಳಿದಿದ್ದರೆ ಏನೆನ್ನುತ್ತಿದ್ದರೋ ಕಾಣೆ. ಅವರು ಬೆನ್ನ ಮೇಲೆ ಕೈಯಿಟ್ಟು, "ಹೋಗ್ರಿ, ಹೊತ್ತಾತು" ಅಂದರು.

ಸಂಜೆ ವಾರ್ಡಿಗೆ ಮರಳಿ ಅವರ ಮಾತು ತಿಳಿಸಿದೆ. ಆಕೆ ಶಿವದಾರವನ್ನು ಕಣ್ಣಿಗೆ ಒತ್ತಿಕೊಂಡು, "ಅಯ್ಯನೋರ ಅಂದ ಮ್ಯಾಲ ಆತು, ಕೊಯ್ರಿ," ಅಂದಳು.

ಗುರುವಾರ ದೊರೆ ಧೂಳಿನ ಬೂಟಿನಲ್ಲೇ ವಾರ್ಡಿಗೆ ಬಂದರು. ಹೊಟ್ಟೆ ಇನ್ನೂ ಏರಿತ್ತು. ಅವರು ಯೌವನದಲ್ಲಿ ಕಲಿತದ್ದು ಹಿಂಭಾಗದಲ್ಲಿ, ಸೊಂಟದ ಮೇಲೆ ಕೊಯ್ಯುವ ಪದ್ಧತಿ. ಅಲ್ಲಿ ಹೊಟ್ಟೆಯ ಒಳಪೊರೆ ಹರಿಯುವುದಿಲ್ಲ, ಅಪಾಯ ಕಡಿಮೆ. ಚೀಟಿ ಓದಿ ನಾನು ಹೊಟ್ಟೆಯ ಮುಂಭಾಗ ಎಂದೇ ತಿಳಿದಿದ್ದೆ, ಅವರು ಸೊಂಟದ ಮೇಲೆ ಗುರುತು ಹಾಕಿದರು. ಬಾಗಿಲಲ್ಲಿ ನಿಂತಿದ್ದ ದಾಯಮ್ಮ ನನ್ನನ್ನು ಕರೆದು, "ಸಾಮಿ, ಬೆನ್ನ ಹಿಂದ ಮಾಡಿದ್ರ ಆಕಿ ನೋಡಿ ತೊಳಕೊಳ್ಳೋದು ಹೆಂಗ? ದಿನಾ ಯಾರ ಮುಂದ ಬೆನ್ನು ತೆಗೀಬೇಕು?" ಎಂದಳು.

ನಾನು ಅದನ್ನು ದೊರೆಗೆ ಹೇಳಿದೆ. ಅವರು ದಾಯಮ್ಮನನ್ನು ನೋಡಿದರು, ಗುರುತು ನೋಡಿದರು, ಮೀಸೆ ತಿರುವಿದರು. ಈಚೆಗೆ ಕೆಲವರು ಮುಂಭಾಗದಲ್ಲಿ ಮಾಡುತ್ತಿದ್ದಾರೆ, ಕರುಳು ಒಳಗೆ ಜಾರದಂತೆ ಅಡಿಯಲ್ಲಿ ಒಂದು ಕಡ್ಡಿ ತೂರಿಸುತ್ತಾರೆ, ಓದಿದ್ದೇನೆ, ಮಾಡಿಲ್ಲ ಅಂದರು. ಅಂಥ ಕಡ್ಡಿ ನಮ್ಮಲ್ಲಿರಲಿಲ್ಲ. ನಾನು ಔಷಧ ಕಲಸುವ ಗಾಜಿನ ಕಡ್ಡಿಯನ್ನು ಗೇಣುದ್ದಕ್ಕೆ ಮುರಿದು, ಸ್ಪಿರಿಟ್ ದೀಪದ ಉರಿಯಲ್ಲಿ ಎರಡೂ ತುದಿ ಕರಗಿಸಿ ಗುಂಡಗೆ ಮಾಡಿ ಕಾರ್ಬಾಲಿಕ್ ನೀರಿಗೆ ಹಾಕಿದೆ. ದೊರೆ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ಹಿಂದಿನ ಗುರುತನ್ನು ತಾವೇ ಒರೆಸಿದರು.

ಕಿಟಕಿಯ ಬೆಳಕಿಗೆ ಮೇಜು ಎಳೆದೆವು. ಕ್ಲೋರೋಫಾರಂ ಕೊಡುವುದು ನನ್ನ ಕೆಲಸ. ತೋಳಿನ ಮೇಲೆ ಲಿಂಗ. ಹೊಟ್ಟೆ ಉಬ್ಬಿದವರ ಉಸಿರು ಮೊದಲೇ ಗಿಡ್ಡ. ದೊರೆ ಎಡಗಡೆ ಕೊಯ್ದು ಒಳಪೊರೆ ಬಿಡಿಸುವಷ್ಟರಲ್ಲಿ ಆಕೆಯ ಉಸಿರು ನಿಂತಿತು. ತುಟಿ ನೀಲಿಯಾಯಿತು. ಮೂಗಿನ ಮೇಲಿನ ಬಟ್ಟೆ ಎಸೆದು, ದವಡೆ ಮುಂದಕ್ಕೆ ನೂಕಿ, ನಾಲಿಗೆ ಹಿಡಿದು ಎಳೆದೆ. ದೊರೆ ಕತ್ತಿ ಕೆಳಗಿಟ್ಟು ಎದೆ ಒತ್ತಿದರು. ಎಷ್ಟು ಹೊತ್ತೋ ಗೊತ್ತಿಲ್ಲ. ಅಪ್ಪಾ ಹನುಮಂತರಾಯ ಎಂದು ನಾನು ಗಟ್ಟಿಯಾಗಿಯೇ ಕೂಗಿಕೊಂಡೆನಂತೆ. ಆಮೇಲೆ ಗೊರ್ ಎಂದು ಒಂದು ಉಸಿರು ಬಂತು, ಅದರ ಹಿಂದೆ ಇನ್ನೊಂದು. ದೊರೆ ಮತ್ತೆ ಕತ್ತಿ ಎತ್ತಿಕೊಂಡರು. ಮೇಲಿನ ಉದ್ದನೆಯ ಸ್ನಾಯುಪಟ್ಟಿಗಳಿಂದ ದೊಡ್ಡ ಕರುಳಿನ ಗುರುತು ಹಿಡಿದು, ಒಂದು ಮಡಿಕೆ ಹೊರಗೆಳೆದು, ಅಡಿಯಲ್ಲಿ ನನ್ನ ಗಾಜಿನ ಕಡ್ಡಿ ತೂರಿಸಿ, ಸುತ್ತ ಹೊಲಿಗೆ ಹಾಕಿದರು.

ಕರುಳನ್ನು ಅಂದೇ ತೆರೆಯುವ ಹಾಗಿಲ್ಲ. ಅದು ಸುತ್ತಲಿನ ಮಾಂಸಕ್ಕೆ ಅಂಟಿಕೊಳ್ಳುವ ಮೊದಲೇ ತೆರೆದರೆ ಹೊಲಸು ಒಳಗಿಳಿದು ಕೊಲ್ಲುತ್ತದೆ. ಎರಡು ದಿನ ಕಾಯಬೇಕು, ಅಷ್ಟರಲ್ಲಿ ಉಬ್ಬಿ ಒಡೆಯಲೂ ಬಾರದು. ಆ ಎರಡು ದಿನ ನಾನು ಮನೆಗೆ ಹೋದದ್ದು ಊಟಕ್ಕೆ ಮಾತ್ರ. ಶನಿವಾರ ಬೆಳಿಗ್ಗೆ ದೊರೆ ಕತ್ತರಿಯನ್ನು ನನ್ನ ಕೈಗೆ ಕೊಟ್ಟು, "ನೀನೇ ತೆರೆ" ಅಂದರು. ಕರುಳನ್ನು ಕತ್ತರಿಸಿದರೆ ನೋವಾಗುವುದಿಲ್ಲ. ಓದಿ ಗೊತ್ತಿತ್ತು, ನೋಡಿ ಬೆರಗಾದೆ. ನಾನು ಕತ್ತರಿಸುತ್ತಿದ್ದರೆ ಆಕೆ ಚಾವಣಿ ನೋಡುತ್ತ, "ನಮ್ಮ ಎಮ್ಮಿ ಬ್ಯಾರೇದವರು ಕೈ ಹಾಕಿದ್ರ ಹಾಲು ಬಿಡಂಗಿಲ್ಲ, ಏನ್ ಮಾಡ್ಯಾರೋ ಏನೋ" ಎಂದು ಅತ್ತಿಗೆಯೊಂದಿಗೆ ಮಾತಾಡುತ್ತಿದ್ದಳು. ಬುಸ್ ಎಂದು ಗಾಳಿ ಬಂತು. ಹಿಂದೆಯೇ ಉಳಿದದ್ದೆಲ್ಲ ಬಂತು. ವಾರ್ಡೆಲ್ಲ ನಾತ. ದಾಯಮ್ಮ ಎರಡೂ ಕೈ ತಟ್ಟಿ ನಕ್ಕಳು. ದೊರೆ ಮೂಗು ಮುಚ್ಚಿಕೊಂಡೇ ನಕ್ಕರು. ಅಂಥ ನಾತಕ್ಕೆ ಮನಸಾರೆ ಕೈಮುಗಿದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಆ ಹೊಸ ಬಾಯಿಯನ್ನು ಮುಚ್ಚಿ ಸೊಂಟಕ್ಕೆ ಕಟ್ಟಲು ಪಟ್ಟಿ ಬೇಕಿತ್ತು. ಕೌಲ್ ಬಜಾರಿನಲ್ಲಿ ದಂಡಿನ ಕುದುರೆಗಳಿಗೆ ಜೀನು ಹೊಲಿಯುವ ಮುಸಲ್ಮಾನ ಸಾಹೇಬರೊಬ್ಬರಿದ್ದರು. ಯಾರಿಗೆ, ಯಾತಕ್ಕೆ ಎಂದು ಕೇಳಿಕೊಂಡು, "ಚಮಡಾ ಆ ತಾಯಿಗೆ ನಡಿಯಂಗಿಲ್ರಿ ಆಚಾರ್ರ, ಡೇರೇ ಬಟ್ಟೀಲೆ ಹೊಲದು ಕೊಡತೀನಿ," ಎಂದು ತಾವೇ ಹೇಳಿದರು. ನಡುವೆ ಬಟ್ಟೆಯ ಮೆತ್ತೆ, ಒಳಗಡೆ ನೀರಿಳಿಯದ ಮೇಣಗಾಪಡ, ಎರಡು ಬಕ್ಕಲು. ಎರಡು ಪಟ್ಟಿ ಹೊಲಿದರು, ಒಂದು ಒಗೆದಾಗ ಇನ್ನೊಂದಿರಲಿ ಎಂದು. ಅಷ್ಟು ನಾನೂ ಯೋಚಿಸಿರಲಿಲ್ಲ. ದಾಯಮ್ಮ ತೊಳೆದುಕೊಳ್ಳುವುದನ್ನು ಕಲಿಸಿದಳು. ಐದನೆಯ ವಾರ ಆಕೆ ನಡೆದುಕೊಂಡು ಹೋಗಿ ಬಂಡಿ ಹತ್ತಿದಳು.

ಮಾರನೆಯ ವರ್ಷ ಸಿಡುಬಿನ ದೇವಿ ಹಾಕುವವರ ಸಂಗಡ ಸಿರುಗುಪ್ಪಕ್ಕೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋದೆ. ಆಕೆ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಕೊರಳಲ್ಲಿ ಗಿಡ್ಡ ಶಿವದಾರ. ತೆಳ್ಳಗಾಗಿದ್ದಳು, ಆದರೆ ನಗು ಅಗಲವಾಗಿತ್ತು. "ರೊಟ್ಟಿ ತಿನ್ನಂಗಿಲ್ಲ ನೀವು, ಗೊತ್ತೈತಿ. ಎಮ್ಮೀ ಹಾಲು ಕುಡೀರಿ, ಹಾಲಿಗೆ ಕುಲ ಇಲ್ಲ," ಎಂದು ಚೊಂಬು ಕೊಟ್ಟಳು. ಕುಡಿದೆ. ರೊಟ್ಟಿ ತಿನ್ನುವಷ್ಟು ದೊಡ್ಡವನು ನಾನಾಗಿರಲಿಲ್ಲ. ಹಾಲು ಮಾತ್ರ ಇಂದಿಗೂ ಬಾಯಲ್ಲಿದೆ.

ಅದಾದ ಮೇಲೆ ಆಕೆ ಇನ್ನೂ ಎಂಟು ತಿಂಗಳು ಇದ್ದಳು. ಸತ್ತ ಸುದ್ದಿ ತಂದದ್ದು ಗಾಣದವನ ಹೆಂಡತಿ. ಬಂಡಿಯಲ್ಲಿ ತನ್ನ ಮೈದುನನನ್ನು, ಎಂದರೆ ಆ ಇಬ್ಬರ ಕಡೆಯ ತಮ್ಮನನ್ನು, ಕರೆತಂದಿದ್ದಳು. ಕೈಯಲ್ಲಿ ಒಂದು ಗಿಂಡಿ ಕುಸುಬೆ ಎಣ್ಣೆ.

"ಹೊಟ್ಟಿ ಏರಿ ಸಾಯಲಿಲ್ರಿ ಆಕಿ. ಸೊರಗಿ ಸೊರಗಿ, ಮಾತಾಡಕೋತನ ಹೋದ್ಲು. ಹೋಗೂ ಮುಂದ ಹೇಳ್ಯಾಳ, ತಮ್ಮನ್ನ ಈಗಲೇ ತೋರಿಸ್ರಿ, ರಕ್ತ ಬರೂತನಕ ಕಾಯಬ್ಯಾಡ್ರಿ ಅಂತ. ಇವಗ ಏನೂ ಇಲ್ಲ. ಆದ್ರೂ ನೋಡ್ರಿ."

"ಏನೂ ಇಲ್ಲದ ಯಾಕ ಬೇ ಅತ್ತಿಗಿ, ಮರ್ಯಾದಿ ಹೋಗತೈತಿ," ಎಂದು ಮೈದುನ ಗೊಣಗಿದ.

"ಸುಮ್ನಿರೋ. ನಿಮ್ಮಣ್ಣ ಮರ್ಯಾದಿ ಉಳಿಸಿಕೊಂಡ ಹೋದ."

ಈಗ ಪರದೆಯಿಲ್ಲ, ದಾಯಮ್ಮನಿಲ್ಲ. ಅತ್ತಿಗೆ ತಂದ ಎಣ್ಣೆಯನ್ನೆಲ್ಲ ಸೀಸೆಗೆ ಬಗ್ಗಿಸಿ, ಅದಕ್ಕೇ ಕಾರ್ಬಾಲಿಕ್ ಬೆರೆಸಿದೆ. ಅವನನ್ನು ಒಳಗೆ ಕರೆದು ಎಡಮಗ್ಗುಲಾಗಿ ಮಲಗಿಸಿದೆ. ಉಗುರು ಕತ್ತರಿಸಿ, ಬೆರಳಿಗೆ ಎಣ್ಣೆ ಹಚ್ಚಿ, ದಾಯಮ್ಮ ಹೇಳಿಕೊಟ್ಟ ಹಾಗೆ ಆತುರವಿಲ್ಲದೆ ಸುತ್ತಲೂ ತಡವಿ ನೋಡಿದೆ. ಎಲ್ಲಿಯೂ ತಡೆಯಿಲ್ಲ, ಗಂಟಿಲ್ಲ, ಬೆರಳಿಗೆ ರಕ್ತವಿಲ್ಲ. ಎರಡನೆಯ ಸಲವೂ ನೋಡಿದೆ. ವರ್ಷಕ್ಕೊಮ್ಮೆ ಬಾ ಎಂದು ಅವನಿಗೆ ಹೇಳಿ, ಕೈ ತೊಳೆದು ಹೊರಗೆ ಬಂದೆ.

ಅವಳು ಅದೇ ಕಂಬಕ್ಕೆ ಒರಗಿ ಕೂತಿದ್ದಳು.

"ಏನೂ ಇಲ್ಲವ್ವ. ಚೊಲೋ ಅದಾನ."

ನನ್ನ ಮುಖವನ್ನು ದಿಟ್ಟಿಸಿದಳು. "ಖರೇ ನೋಡಿದ್ರ್ಯಾ?"

ಅದೇ ಪ್ರಶ್ನೆ. ಅದೇ ಪಡಸಾಲೆ.

"ನೋಡಿದೆ. ನಾನ ನೋಡಿದೆ, ನನ್ನ ಕೈಲೆ," ಅಂದೆ. "ನಿನ್ನ ಗಂಡನ್ನ ನೋಡಿರಲಿಲ್ಲವ್ವ. ನೋಡೀನಿ ಅಂತ ದೊರಿಗೆ ಸುಳ್ಳು ಹೇಳಿದ್ದೆ."

ಗಂಡ ಸತ್ತ ದಿನ ಈ ಕಂಬದ ಹತ್ತಿರ ಅವಳು ಅತ್ತಿರಲಿಲ್ಲ. ಈಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಖಾಲಿ ಗಿಂಡಿಗೆ ಕೈ ಚಾಚಿದಳು.

"ತುಂಬಿಸಿ ಕಳಸ್ತೀನಿ ಆಚಾರ್ರ," ಅಂದಳು. "ಇನ್ನ ನೋಡೋ ಮಂದಿ ಭಾಳ ಅದಾರಲ್ಲ."